ಫಾರಿನ್ ಡಿಸ್ಕೋದ ಬಳ್ಳಾರಿ ಸ್ಪೀಡು

ಡುಬ್ ಡುಬ್ ಡುಬ್ ಡುಬ್. ಅದರ ಮೇಲೆ ಗಾಜಿನ ಬಳೆ ಜಾರಿದಂಥ ಕೀಬೋರ್ಡು. ಬಳ್ಳಾರಿಯ ಕೌಲ್ ಬಜಾರಿನ ಕ್ಯಾಸೆಟ್ ಅಂಗಡಿಯ ಮುಂದೆ ನಿಂತು ಮೊದಲ ಸಲ ಕೇಳಿದ ಆ ಸದ್ದು ಕಿವಿಯಿಂದ ಇನ್ನೂ ಹೋಗಿಲ್ಲ.

ಅದಕ್ಕೆ ‘ಇಟಾಲೋ ಡಿಸ್ಕೋ’ ಎಂಬ ಹೆಸರಿದೆಯೆಂದು ನನಗೆ ಗೊತ್ತಾದದ್ದು ತೀರ ಈಚೆಗೆ. ಎಂಬತ್ತರ ದಶಕದಲ್ಲಿ ನಮಗದು ಬರೀ ‘ಫಾರಿನ್ ಡಿಸ್ಕೋ’. ಇಟಲಿಯವರು ತಮ್ಮದಲ್ಲದ ಇಂಗ್ಲಿಷಿನಲ್ಲಿ ಹಾಡುತ್ತಿದ್ದರು. (ಕಾನ್ವೆಂಟಿನಲ್ಲಿ ಓದಿದ ನಾನು ಅವರ ಆಕ್ಸೆಂಟಿಗೆ ಮೂಗು ಮುರಿಯುತ್ತಿದ್ದೆ. ಕಾಲು ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ.)

ಕಳೆದ ವಾರ ಸಿರುಗುಪ್ಪದಲ್ಲೊಂದು ಮದುವೆ. ಊಟ ಮುಗಿಯುವ ಹೊತ್ತಿಗೆ ಡಿಜೆ, ನಾನು ಅಂದು ಅಂಗಡಿಯ ಮುಂದೆ ಕೇಳಿದ ಅದೇ ಹಾಡು ಹಾಕಿದ. ಇಪ್ಪತ್ತರ ಹುಡುಗಿಯರು ಎದ್ದು ಕುಣಿದರು! ನಲವತ್ತು ವರ್ಷ ಹಳೆಯ ಹಾಡಿನಲ್ಲಿ ಇವರಿಗೇನು ಸಿಕ್ಕಿತು? ನನಗನ್ನಿಸುವುದಿಷ್ಟು: ಡ್ರಮ್ಮು ‘ಕುಣಿ’ ಅನ್ನುತ್ತದೆ, ರಾಗ ಯಾರನ್ನೋ ನೆನೆದು ಬಿಕ್ಕುತ್ತದೆ. ಎರಡೂ ಒಟ್ಟೊಟ್ಟಿಗೆ. ಅಳುತ್ತಲೇ ಕುಣಿಯಲು ಬಿಡುವ ಸಂಗೀತ ಎಷ್ಟಿದೆ ಹೇಳಿ?

ಪಕ್ಕದ ಕುರ್ಚಿಯ ಹೆಂಗಸಿಗೆ ಸುಮ್ಮನೆ ಹೇಳಿದೆ, “ಯಾಕೋ ಸ್ಲೋ ಹಾಕ್ಯಾರ್ರಿ.”

ಆಕೆ ಗಕ್ಕನೆ ತಿರುಗಿದಳು. “ಅಯ್ಯ, ನಮ್ಮ ಸುವರ್ಣಕ್ಕನೂ ಹಿಂಗ ಅಂತಿದ್ಲು ನೋಡ್ರಿ! ಫೋನಿನ್ಯಾಗ ಈ ಹಾಡು ಬಂದ್ರ ಸಾಕು, ‘ಇದು ಬಳ್ಳಾರಿ ಸ್ಪೀಡಲ್ಲ’ ಅಂತ ಜಗಳಾನ ತಗೀತಿದ್ಲು.”

“ಯಾವ ಸುವರ್ಣ?”

“ನಮ್ಮ ನೆಗೆಣ್ಣಿ ರೀ, ನಮ್ಮ ಭಾವನ ಹೆಂಡ್ತಿ, ಕುರುಗೋಡಿನ್ಯಾಗ ಇದ್ಲು. ಮದ್ವಿಗೆ ಮೊದ್ಲ ಬಳ್ಳಾರ್ಯಾಗ ಟೀಚರ್ ಇದ್ಲಂತ. ಹ್ವಾದ ವರ್ಷ ತೀರ್ಕೊಂಡ್ಲು.”

“ಹೌದಾ,” ಎಂದೆ. ನನಗೆ ಗೊತ್ತಿದ್ದವಳು ಎನ್ನಲು ಧೈರ್ಯ ಬರಲಿಲ್ಲ.

ಸುವರ್ಣ, ನಾನು ಆಗ ಬಳ್ಳಾರಿಯ ಒಂದೇ ಕಾನ್ವೆಂಟ್ ಸ್ಕೂಲಿನ ಹೊಸ ಟೀಚರ್‌ಗಳು. ವಾರ್ಷಿಕೋತ್ಸವಕ್ಕೆ ಇದೇ ಹಾಡಿಗೆ ನಮ್ಮಿಬ್ಬರ ಡ್ಯಾನ್ಸು. ಕೌಲ್ ಬಜಾರಿನ ಅಂಗಡಿಯಾತ ತುಂಬಿಕೊಟ್ಟ ಟೇಪಿಗೆ ಒಂದು ತಿಂಗಳು ಪ್ರಾಕ್ಟೀಸು. ಅವನ ರೆಕಾರ್ಡಿಂಗ್ ಮೆಷಿನ್ನಿನಲ್ಲಿ ಏನೋ ದೋಷ. ಅವನು ತುಂಬಿಕೊಟ್ಟ ಟೇಪುಗಳೆಲ್ಲ ಅಸಲಿಗಿಂತ ಜೋರಾಗಿ ಓಡುತ್ತಿದ್ದವು. ಅಸಲಿ ಕೇಳಿದ್ದವರು ಯಾರಿದ್ದರು? ಊರಿಗೆ ಊರೇ ಅದನ್ನೇ ಸರಿ ಎಂದು ನಂಬಿತ್ತು. ನಾವೂ.

ವಾರ್ಷಿಕೋತ್ಸವದ ದಿನ, ಜಂಬಕ್ಕೆ, ಬಾಂಬೆಯ ಕಸಿನ್ ಕಳಿಸಿದ್ದ ಒರಿಜಿನಲ್ ಕ್ಯಾಸೆಟ್ ಒಯ್ದೆ. ಸೀಲೂ ಒಡೆದಿರಲಿಲ್ಲ. ಸ್ಟೇಜಿನ ಮೇಲೆ ಕಾಪಿ ಟೇಪು ಚೀಪ್ ಅಲ್ಲವೇ?

“ನಮ್ಮ ಟೇಪೇ ಇರ್ಲಿ ಬಿಡಲೇ, ಕಾಲಿಗೆ ರೂಢಿ ಆಗೇತಿ,” ಎಂದಳು ಸುವರ್ಣ.

“ಕ್ವಾಲಿಟಿ ಅಂದ್ರ ಏನಂತ ಗೊತ್ತೈತೇನು ನಿನಗ?” ಎಂದೆ.

ಪರದೆ ಸರಿಯಿತು. ಹಾಡು ಉಂಡೆದ್ದ ಎಮ್ಮೆಯಂತೆ ಕಾಲೆಳೆಯುತ್ತ ಬಂತು. ನಮ್ಮ ಹೆಜ್ಜೆ ಮುಂದೆ, ಹಾಡು ಹಿಂದೆ. ಮಕ್ಕಳು ನಕ್ಕರು. ಮುಂದಿನ ಸಾಲಿನ ಸಿಸ್ಟರ್‌ಗಳೂ ನಕ್ಕರು. ನಾನು ಒಳಗೆ ಓಡಿಬಿಟ್ಟೆ.

ಮರುದಿನದಿಂದ ಸಿಕ್ ಲೀವ್. ಆಮೇಲೆ ಕೆಲಸವನ್ನೇ ಬಿಟ್ಟೆ. ಅದೇ ಬೇಸಿಗೆಯಲ್ಲಿ ಅವಳ ಮದುವೆ; ಕಾರ್ಡು ಬಂತು, ಹೋಗಲಿಲ್ಲ. ಬಳ್ಳಾರಿಯಿಂದ ಕುರುಗೋಡು ಎಷ್ಟು ದೂರ? ಒಂದು ಬಸ್ಸು, ಅಷ್ಟೇ. ‘ತಪ್ಪು ನಂದು ಸುವರ್ಣಾ’ ಎಂಬ ಒಂದು ಮಾತು ಹೇಳಲು ನನಗೆ ನಲವತ್ತು ವರ್ಷವೂ ಆ ಬಸ್ಸು ಸಿಗಲಿಲ್ಲ.

ಹಾಗಾಗಿ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಪರದೆಯ ಸಂದಿಯಿಂದ: ಹೆಜ್ಜೆ ನಿಧಾನ ಮಾಡಿಕೊಂಡು, ಪಕ್ಕದಲ್ಲಿ ನನ್ನ ಜಾಗ ಖಾಲಿ ಬಿಟ್ಟು, ಇಬ್ಬರ ಡ್ಯಾನ್ಸನ್ನು ಒಬ್ಬಳೇ ಮುಗಿಸುತ್ತಿದ್ದಳು.