ಅಕ್ಕನ ತಲೆಯ ಕಪ್ಪು ತೆಗೆದದ್ದು

ನಮ್ಮ ಅಕ್ಕನದು ಬಾಲನೆರೆ. ಇಪ್ಪತ್ತು ತುಂಬುವುದರೊಳಗೆ ಕಿವಿಯ ಮೇಲ್ಗಡೆ ಬೆಳ್ಳಗೆ ಕಾಣಿಸಿಕೊಂಡಿತ್ತು, ಇಪ್ಪತ್ತೆಂಟಕ್ಕೆ ಬೈತಲೆಯವರೆಗೂ ಹಬ್ಬಿತ್ತು. ಹೊಸನಗರದಲ್ಲಿ ನಮ್ಮದು ಬಟ್ಟೆ ಒಗೆಯುವ ಮನೆ, ನಾವು ಮಡಿವಾಳರು. ಊರಿನ ಬಟ್ಟೆ ಬೆಳ್ಳಗೆ ಮಾಡುವವರ ಮನೆಯಲ್ಲಿ ಮಗಳ ತಲೆಯೂ ಬೆಳ್ಳಗಾಯಿತು ಎಂದು ಕೇರಿಯವರು ನಗೆಯಾಡುತ್ತಿದ್ದರು. ಅಕ್ಕನೂ ಅವರ ಜೊತೆ ನಗುತ್ತಿದ್ದಳು. ಮೈ ಉರಿಯುತ್ತಿದ್ದುದು ನನಗೆ. ಅಕ್ಕನ ಮೇಲಿನ ಪ್ರೀತಿಯಿಂದ ಎಂದು ಬರೆದುಬಿಡಬಹುದಿತ್ತು, ಆದರೆ ಅದು ಪೂರ್ತಿ ನಿಜವಲ್ಲ. ನನಗಾಗ ಹತ್ತೊಂಬತ್ತು. ಆನಂದಪುರದ ಹುಡುಗನೊಬ್ಬನ ಜೊತೆ ನನ್ನ ಮದುವೆಯ ಮಾತಾಗಿತ್ತು. ಅಕ್ಕನನ್ನು ಮನೆಯಲ್ಲಿಟ್ಟುಕೊಂಡು ತಂಗಿಯ ಮದುವೆ ಮಾಡುವ ಹಾಗಿರಲಿಲ್ಲ. ಅವಳ ತಲೆಯ ಒಂದೊಂದು ಬಿಳಿ ಕೂದಲೂ ನನ್ನ ದಾರಿಗೆ ಅಡ್ಡ ಬಿದ್ದಿತ್ತು.

ಅವಳನ್ನು ನೋಡಲು ಬಂದ ಮೂರು ಮನೆಯವರು ಅವಲಕ್ಕಿ ತಿಂದು ಸುಮ್ಮನೆ ಹೋದ ಮೇಲೆ, ಸಾಗರದಲ್ಲಿದ್ದ ಚಿಕ್ಕಪ್ಪ ಒಂದು ಉಪಾಯ ತಂದ. ಅವನು ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಇಂಜಿನಿಯರುಗಳ ಷರಟು ಒಗೆಯುತ್ತಿದ್ದ. ಅಲ್ಲಿಯ ಕ್ಷೌರದಂಗಡಿಯಿಂದ ತಲೆಗೆ ಹಚ್ಚುವ ಕರಿ ಪುಡಿ ತಂದುಕೊಟ್ಟ. "ಸಾವಿರ ಸುಳ್ಳು ಹೇಳಿ ಒಂದ್ ಮದ್ವೆ ಮಾಡು ಅಂತಾರೆ. ಇದು ಒಂದೇ ಸುಳ್ಳು" ಎಂದ. ಅವ್ವ ಹಚ್ಚಿದಳು. ಅಕ್ಕನ ಕೂದಲು ಕಾಡಿಗೆಯಷ್ಟು ಕಪ್ಪಾಯಿತು. ಆಮೇಲೂ ಎರಡು ಮನೆಯವರು ಬಂದು ಹೋದರು. ಒಬ್ಬರಿಗೆ ವಯಸ್ಸು ಹೆಚ್ಚಾಯಿತು, ಇನ್ನೊಬ್ಬರು ಕಾರಣ ಹೇಳುವ ಗೋಜಿಗೇ ಹೋಗಲಿಲ್ಲ.

ಆ ಚಳಿಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ಸಂಬಂಧ ಬಂತು. ಮೇಗರವಳ್ಳಿಯವನು, ನಮ್ಮವನೇ, ಹೆಂಡತಿ ತೀರಿಕೊಂಡು ಎರಡು ಮಕ್ಕಳು. ಆ ಮನೆಗೆ ಹೋಗಿ ಬಂದ ಚಿಕ್ಕಪ್ಪ ಜಗಲಿಯಲ್ಲಿ ಕೂತು ಅಪ್ಪಯ್ಯನಿಗೆ ಹೇಳಿದ್ದು ನನಗಿನ್ನೂ ನೆನಪಿದೆ.

"ಅವನ ಅವ್ವಂಗೆ ಎಳೇ ಹುಡುಗಿ ಬ್ಯಾಡ್ವಂತೆ. ಮಕ್ಳನ್ನ ನೋಡ್ಕಳೋಕೆ ಬಲಿತೋಳೇ ಬೇಕಂತೆ. ನಾನೂ ಹೇಳ್ಬಿಟ್ಟೆ, ನಮ್ ಹುಡುಗಿಗೆ ತಲೆ ಸತಾ ನರೆತದೆ, ಗಂಭೀರದೋಳು ಅಂತ. ಮುದುಕಿಗೆ ಭಾಳ ಖುಷಿಯಾತು. ಇನ್ನೆಂಟು ದಿನಕ್ಕೆ ಬರ್ತಾರೆ."

ಅಪ್ಪಯ್ಯ ಒಳಗೆ ಅಕ್ಕನ ಕಡೆ ನೋಡಿದ. ಅವಳ ತಲೆಯಲ್ಲಿ ಒಂದೇ ಒಂದು ಬಿಳಿ ಎಳೆ ಕಾಣುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಬಹುದು. ಆ ಕಾಲಕ್ಕೆ ತಲೆಗೆ ಬಣ್ಣ ಹಚ್ಚುವವರೆಂದರೆ ನಾಟಕದವರು. ಮಕ್ಕಳ ತಾಯಿಯಾಗಲು ಹೊರಟವಳು ಬಣ್ಣ ಬಳಿದುಕೊಂಡಿದ್ದಳು ಎಂದು ಯಾವ ಬಾಯಲ್ಲಿ ಹೇಳುವುದು?

"ನಾ ತೆಗಿತೀನಿ. ಬಟ್ಟೆ ಬಣ್ಣ ತೆಗ್ಯೋರಿಗೆ ಕೂದ್ಲು ಯಾವ ಲೆಕ್ಕ?" ಎಂದವಳು ನಾನು.

ಖರ್ಚು ಮಾಡುವ ಕಾಲವಲ್ಲ ಅದು, ಖರ್ಚು ಮಾಡುತ್ತೇವೆಂದರೂ ಅಂಥದ್ದನ್ನು ತೆಗೆದುಕೊಡುವವರು ನಮ್ಮ ಸೀಮೆಯಲ್ಲಿ ಇರಲಿಲ್ಲ. ಮನೆಯಲ್ಲಿ ಏನಿತ್ತೋ ಅದರಲ್ಲೇ ಆಗಬೇಕಿತ್ತು. ಮೊದಲ ದಿನ ಅಂಟುವಾಳ, ಸೀಗೆ, ತಡೆಯುವಷ್ಟು ಬಿಸಿ ನೀರು. ಬಚ್ಚಲಿನಲ್ಲಿ ಕಾಫಿಯ ಹಾಗೆ ನೀರು ಹರಿಯಿತು, ನಮಗಿಬ್ಬರಿಗೂ ಹಿಗ್ಗೋ ಹಿಗ್ಗು. ಮರುದಿನ ನಿಂಬೆಹುಳಿ ತಿಕ್ಕಿ ಬಿಸಿಲಿಗೆ ಕೂರಿಸಿದೆ. ಕಪ್ಪು ಮಂಕಾಯಿತು, ಹೋಗಲಿಲ್ಲ. ಅಕ್ಕ ಬಿಸಿಲಿನಲ್ಲಿ ಕೂತು ಆ ಮಕ್ಕಳ ವಿಚಾರ ಕೇಳುತ್ತಿದ್ದಳು. ದೊಡ್ಡದಕ್ಕೆ ಎಷ್ಟು ವರ್ಷ ಅಂದ್ರಂತೆ? ಸಣ್ಣದಕ್ಕೆ ಹಲ್ಲು ಬಂದಿದ್ಯಂತಾ? ಬಂದು ಹೋದ ಐದು ಮನೆಯವರ ಬಗ್ಗೆ ಅವಳು ಒಂದು ಮಾತೂ ಕೇಳಿದವಳಲ್ಲ. ಈ ಮನೆಗೆ ಹೋಗಬೇಕೆಂದು ಅವಳಿಗೆ ನಿಜವಾಗಿಯೂ ಆಸೆಯಾಗಿತ್ತು.

ಮೂರನೆಯ ದಿನ ಒಗೆಯುವ ಸೋಡ ಹಾಕಿದೆ. ಅದನ್ನು ನೋಡಿದ ಅವ್ವ, "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೋಬ್ಯಾಡ ಕಣೇ" ಎಂದು ಬೈದು, ಬಟ್ಟೆಗಂಟು ಹೊತ್ತು ಹೊಳೆಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಕಿವಿಯ ಮೇಲೆ ಬೂದಿ ಬಣ್ಣದ ನರೆ ಕಾಣಿಸಿಕೊಂಡಿತು. ಚೆನ್ನಾಗಿ ಅಲ್ಲ, ಆದರೆ ಕಾಣುವಷ್ಟು. ಅಕ್ಕ ಕನ್ನಡಿ ಹಿಡಿದು ಎರಡೂ ಕಡೆ ನೋಡಿಕೊಂಡಳು.

"ಸಾಕು ಕಣೆ. ಇಷ್ಟು ಕಂಡ್ರೆ ಸಾಕು. ನೆತ್ತಿ ಉರಿತಾ ಇದೆ."

"ಇನ್ನೊಂದೇ ಸಲ. ಪೂರ್ತಿ ಹೋಗ್ಲಿ. ಅರ್ಧಂಬರ್ಧ ಕಂಡ್ರೆ ಅವ್ರಿಗೆ ಗೊತ್ತಾಗಲ್ವಾ?"

ಇಷ್ಟು ವರ್ಷ ಆ ಮಾತನ್ನು ಹೊತ್ತುಕೊಂಡಿದ್ದೇನೆ. ಅವತ್ತು ಅಲ್ಲಿಗೇ ನಿಲ್ಲಿಸಿದ್ದರೆ ಸಾಕಾಗಿತ್ತು. ಆನಂದಪುರದವರು ಯುಗಾದಿಯೊಳಗೆ ಮದುವೆಯಾಗದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಕಳಿಸಿದ್ದರು. ನನಗೆ ಈ ಸಂಬಂಧ ತಪ್ಪಿಹೋಗಬಾರದಿತ್ತು, ಅಕ್ಕನಿಗಿಂತ ಹೆಚ್ಚಾಗಿ ನನಗೇ.

ಚಿಕ್ಕಪ್ಪ ಸಾಗರದಿಂದ ತಂದಿಟ್ಟಿದ್ದ ಬ್ಲೀಚಿಂಗ್ ಪೌಡರು ಮೂಲೆಯಲ್ಲಿತ್ತು. ಬಟ್ಟೆಗೆ ಸೋಡ ಹಿಡಿಸಿ ಹಬೆಯಲ್ಲಿ ಬೇಯಿಸುವುದಕ್ಕೆ ನಮ್ಮಲ್ಲಿ ಉಬ್ಬೆ ಹಾಕುವುದು ಎನ್ನುತ್ತಾರೆ. ನಾನು ಅಕ್ಕನ ತಲೆಗೆ ಉಬ್ಬೆ ಹಾಕಿದೆ. ಪೌಡರು ಕಲಸಿ ಬಳಿದು, ಬಿಸಿ ನೀರಿನಲ್ಲಿ ಹಿಂಡಿದ ಪಂಚೆ ಸುತ್ತಿ ಬಿಗಿದು ಕಟ್ಟಿದೆ. ಅವಳು ಕಂಬ ಹಿಡಿದು ಕೂತಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಬಿಚ್ಚು ಎಂದು ಮಾತ್ರ ಅನ್ನಲಿಲ್ಲ.

ಬಿಚ್ಚಿದಾಗ ಕೂದಲು ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತ್ತು. ಬೆರಳು ಆಡಿಸಿದರೆ ಹಿಡಿಹಿಡಿಯಾಗಿ ಕೈಗೇ ಬಂತು. ಬೈತಲೆಯುದ್ದಕ್ಕೂ ಬೊಬ್ಬೆ ಎದ್ದಿದ್ದವು. ಹೊಳೆಯಿಂದ ಬಂದ ಅವ್ವ ನನಗೆ ಎರಡು ಬಾರಿಸಿದಳು, ಆಮೇಲೆ ಅವಳೇ ಕೂತು ಅತ್ತಳು. ಅಕ್ಕ, "ಎಣ್ಣೆ ಹಚ್ಚಿದ್ರೆ ಸರಿ ಹೋಗುತ್ತೆ ಬಿಡವ್ವಾ" ಎಂದಳು.

ಮೇಗರವಳ್ಳಿಯವರು ಹೇಳಿದ ದಿನಕ್ಕೇ ಬಂದರು, ತಾಯಿ ಮತ್ತು ಮಗ. ಅಕ್ಕ ತಲೆ ತುಂಬ ಸೆರಗು ಹೊದ್ದು ಕಾಫಿ ತಂದಳು. ಮುದುಕಿ ಮೊದಲು ನಗುನಗುತ್ತಲೇ ಮಾತಾಡಿದಳು. ಆಮೇಲೆ ಕೈ ಚಾಚಿ, "ಸೆರಗು ಸರಿಸವ್ವಾ, ಮುಖ ನೋಡ್ತೀನಿ" ಎಂದಳು. ಅವಳೇ ಸರಿಸಿದಳು. ಬಗ್ಗಿ ಮೂಸಿ ನೋಡಿದಳು. ನಾವು ಎಲ್ಲರಿಂದಲೂ ಮರೆಮಾಚಲು ಹೊರಟವರು, ಬರುವವಳೂ ಮಡಿವಾಳಗಿತ್ತಿ ಎಂಬುದನ್ನೇ ಮರೆತಿದ್ದೆವು.

"ಪೌಡರ್ ವಾಸ್ನೆ. ಐವತ್ ವರ್ಷ ಬಟ್ಟೆ ಒಗ್ದೀನಿ, ನಂಗೆ ಗೊತ್ತಾಗಲ್ವಾ? ಕರಿ ಹಚ್ಚಿ, ಆಮೇಲೆ ತೆಗ್ದೀರಿ. ತಲೆಗೇ ಇಷ್ಟು ಸುಳ್ಳು ಕಟ್ಟಿದೋರು ನನ್ ಮೊಮ್ಮಕ್ಳಿಗೆ ಎಂತ ಹೇಳ್ಕೊಡ್ತೀರಿ?"

ನಾನು ಮಾಡಿದ್ದು ಎಂದು ಹೇಳಬೇಕಾದವಳು ಬಾಗಿಲ ಹಿಂದೆ ನಿಂತಿದ್ದೆ. ಗಂಡು ಅಕ್ಕನನ್ನು ನೋಡಿ, "ಭಾಳ ಉರಿತದಾ?" ಎಂದು ಕೇಳಿದ. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಅವನು ಒಳ್ಳೆಯವನಾಗಿದ್ದ. ತಾಯಿ ಎದ್ದಳು, ಅವನೂ ಎದ್ದ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು, ಮತ್ತೆ ಸುದ್ದಿ ಬರಲಿಲ್ಲ.

ತಿಂಗಳು ಕಳೆದ ಮೇಲೆ ಅಪ್ಪಯ್ಯ ಅಕ್ಕನ ಎದುರು ಕೂತು, ಚಿಕ್ಕೋಳದಾದ್ರೂ ಮುಗಿಸಿಬಿಡಲಾ ಎಂದು ಕೇಳಿದ. "ಮುಗ್ಸಿ ಅಪ್ಪಯ್ಯಾ" ಎಂದಳು ಅವಳು. ಬೇಡ ಎನ್ನುವುದಕ್ಕೆ ನನಗೆ ನಾಲಗೆ ಇತ್ತು. ನಾನು ಅನ್ನಲಿಲ್ಲ.

ಮದುವೆಯಲ್ಲಿ ಮದುಮಕ್ಕಳ ಕಾಲು ನೆಲಕ್ಕೆ ತಾಗದಂತೆ ಮುಂದೆ ಮುಂದೆ ಬಿಳಿ ಬಟ್ಟೆ ಹಾಸುತ್ತ ಹೋಗುತ್ತಾರೆ. ಅದಕ್ಕೆ ನಡೆಮಡಿ ಎನ್ನುತ್ತಾರೆ. ಊರಿನವರ ಮದುವೆಗೆಲ್ಲ ಅದನ್ನು ಹಾಸುವವರು ನಾವು. ನಮ್ಮ ಮನೆಯ ಮದುವೆಗೆ ನಮ್ಮಲ್ಲೇ ಯಾರಾದರೂ ಹಾಸಬೇಕು. ಅಪ್ಪಯ್ಯ ಧಾರೆಗೆ ನಿಂತಿದ್ದ. ಚಿಕ್ಕಪ್ಪ, ತನ್ನ ಮಾತು ಸುಳ್ಳು ಮಾಡಿದೆವೆಂದು ಸಿಟ್ಟಾಗಿ ಸಾಗರದಿಂದ ಬಂದಿರಲಿಲ್ಲ. ಯಾರು ಎಂದು ಎಲ್ಲರೂ ಮುಖ ಮುಖ ನೋಡುತ್ತಿರುವಾಗ ಅಕ್ಕ ಬಂದು ಮಡಿ ಬಟ್ಟೆ ಎತ್ತಿಕೊಂಡಳು.

ಬಾಗಿ ಹಾಸುವಾಗ ಸೆರಗು ಜಾರಿತು. ತುಂಡು ತುಂಡಾದ ಕೆಂಚು ಕೂದಲು, ನಡುನಡುವೆ ಒಣಗಿದ ಗಾಯ, ಬುಡದಲ್ಲಿ ಹೊಸದಾಗಿ ಬಂದ ಬಿಳಿ, ಎಲ್ಲ ನೆರೆದವರ ಎದುರಿಗೇ. ಅವಳ ಎರಡು ಕೈಯೂ ಬಟ್ಟೆ ಹಿಡಿದಿದ್ದವು, ಸೆರಗು ಎಳೆದುಕೊಳ್ಳುವ ಹಾಗಿರಲಿಲ್ಲ. ನಾನು ನಿಂತುಬಿಟ್ಟೆ.

ಅವಳು ಬಾಗಿದಲ್ಲಿಂದಲೇ ನನ್ನ ಮುಖ ನೋಡಿ, "ನಡಿಯೇ, ಹೊತ್ತಾಗ್ತದೆ" ಎಂದಳು.

ನಾನು ಅದರ ಮೇಲೆ ನಡೆದು ಹೋದೆ.