ಟ್ರಾಕ್ಟರ್ ಸಾಹುಕಾರನ ಸಿಟ್ಟು

ಎರಡು ವಾರ ನಮ್ಮ ಮನೆಯಲ್ಲಿ ಒಬ್ಬ ಇಟಲಿಯವನು ಠಿಕಾಣಿ ಹೂಡಿದ್ದ. ಊಟಕ್ಕೂ ಅವನೇ, ಚಹಾಕ್ಕೂ ಅವನೇ. (ಗಾಬರಿ ಬೇಡ. ಆಸಾಮಿ ಇದ್ದದ್ದು ನಮ್ಮ ಯಜಮಾನರ ಬಾಯಲ್ಲಿ ಮಾತ್ರ.)

ಯಜಮಾನರು ಇಲ್ಲಿ ಮಸ್ಕತ್ತಿನ ಘಾಲಾದ ಒಂದು ಗ್ಯಾರೇಜಿನಲ್ಲಿ ಸೂಪರ್‌ವೈಸರ್. ಯಾವುದೋ ಗಾಡಿಯ ಕ್ಲಚ್ ಬಗ್ಗೆ ಇವರು ಏನೋ ಹೇಳಲು ಹೋದರೆ ಹೊಸ ಮ್ಯಾನೇಜರ್ ಗಿರಾಕಿಯ ಎದುರೇ, "ನೀವು ಬಿಲ್ ನೋಡಿಕೊಳ್ಳಿ, ಎಂಜಿನ್ ನನಗೆ ಬಿಡಿ" ಅಂದನಂತೆ. ಮನೆಗೆ ಬಂದವರು ಬೂಟು ಬಿಚ್ಚುವ ಮೊದಲೇ ಶುರು ಮಾಡಿದರು.

"ಇಟಲಿಯಲ್ಲಿ ಒಬ್ಬ ಇದ್ದ, ಗೊತ್ತುಂಟಾ? ಯುದ್ಧ ಮುಗಿದ ಮೇಲೆ ಮಿಲಿಟರಿ ಗುಜರಿಯಿಂದ ಟ್ರಾಕ್ಟರ್ ಮಾಡಿ ಸಾಹುಕಾರ ಆದವ. ದೊಡ್ಡ ಕಂಪೆನಿಯ ಸ್ಪೋರ್ಟ್ಸ್ ಕಾರು ತೆಗೆದುಕೊಂಡ. ಕ್ಲಚ್ ಕೈಕೊಟ್ಟಿತು. ಹೇಳಲಿಕ್ಕೆ ಹೋದರೆ ಕಂಪೆನಿಯ ಧಣಿ, ನೀನು ಟ್ರಾಕ್ಟರ್ ಓಡಿಸು, ಕಾರಿನ ಸುದ್ದಿ ನಿನಗೆ ಯಾಕೆ ಅಂದನಂತೆ. ಇವ ಎಂತ ಮಾಡಿದ? ತನ್ನದೇ ಕಾರು ಕಂಪೆನಿ ತೆಗೆದ. ಬಾನೆಟ್ ಮೇಲೆ ಗೂಳಿ."

ಕಥೆ ನಿಜವೋ, ಉಪ್ಪುಖಾರ ಸೇರಿದ್ದೋ, ದೇವರಿಗೇ ಗೊತ್ತು. ಇವರಿಗಂತೂ ವೇದವಾಕ್ಯವಾಯಿತು. ಕೆಲಸ ಬಿಡುವುದು, ಸೀಬ್ ಕಡೆಯ ಒಬ್ಬ ಒಮಾನಿಯ ಲೈಸೆನ್ಸಿನಲ್ಲಿ ಸ್ವಂತ ಗ್ಯಾರೇಜ್ ತೆಗೆಯುವುದು ಎಂದು ತೀರ್ಮಾನಿಸಿಯೇ ಬಿಟ್ಟರು.

ಅಷ್ಟು ಸುಲಭವೇ? ನಮ್ಮ ವೀಸಾ ಈಗಿನ ಕಫೀಲರ, ಅಂದರೆ ಗ್ಯಾರೇಜಿನ ಒಮಾನಿ ಧಣಿಯ ಕೈಯಲ್ಲಿದೆ. ಬೇರೆ ಕಡೆ ದುಡಿಯಲು ಅವರು ರಿಲೀಸ್ ಕೊಟ್ಟರೆ ಸರಿ. ಕೊಡದಿದ್ದರೆ ಖಲಾಸ್, ಗಂಟುಮೂಟೆ ಕಟ್ಟಿ ಬೊಂಬಾಯಿ ವಿಮಾನ ಹತ್ತಬೇಕು. ಮಗಳಿಗೆ ಈ ವರ್ಷ ಹತ್ತನೇ ಕ್ಲಾಸು. "ಪಪ್ಪಾ, ಆರ್ ವಿ ಗೋಯಿಂಗ್ ಆರ್ ನಾಟ್?" ಎಂದು ಅವಳು ಕೇಳಿದರೆ ಇವರು ಪತ್ರಿಕೆಯೊಂದರಲ್ಲಿದ್ದ ಗೂಳಿಯ ಚಿತ್ರ ತೋರಿಸಿದರು. ನನಗೋ, ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದೂ ನೆನಪಿರುತ್ತಿರಲಿಲ್ಲ.

ಕೊನೆಗೆ ತಡೆಯಲಾಗದೆ ಹೇಳಿಬಿಟ್ಟೆ. "ಬೈಸಿಕೊಳ್ಳುವಾಗಲೇ ಅವನಿಗೆ ಟ್ರಾಕ್ಟರ್ ಫ್ಯಾಕ್ಟರಿ ಇತ್ತಲ್ವಾ? ಕಾರು ಮುಳುಗಿದರೂ ಟ್ರಾಕ್ಟರ್ ಉಂಟು. ನಮಗೆ ಎಂತ ಉಂಟು?"

"ನಿನ್ನ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ ಮಾರಾಯ್ತಿ" ಅಂದರು. ಶುಕ್ರವಾರ ಬೆಳಿಗ್ಗೆ ಬಿಳಿ ಅಂಗಿಗೆ ತಾವೇ ಇಸ್ತ್ರಿ ಹಾಕಿ, ಕಫೀಲರ ಮನೆಗೆ ಹೊರಟೇಬಿಟ್ಟರು.

ನಾನು ಬಾಲ್ಕನಿಯಿಂದ ಒಳಗೆ, ಒಳಗಿನಿಂದ ಬಾಲ್ಕನಿಗೆ. ಮಧ್ಯಾಹ್ನ ಬಂದರು.

"ಕೇಳಿದಿರಾ?"

"ಎಲ್ಲಿ ಕೇಳುವುದು? ಖಾವಾ ಕೊಟ್ಟರು. ಕುಡಿದ ಕೂಡಲೇ ಮತ್ತೆ ಸುರಿದರು. ಪುನಃ ಸುರಿದರು. ಖಾವಾ ಮುಗಿಯದೆ ಕೆಲಸದ ಮಾತು ತೆಗೆಯುವ ಹಾಗಿಲ್ಲವಲ್ಲ. ಅಷ್ಟರಲ್ಲಿ ಅವರಿಗೆ ನಮಾಜಿಗೆ ಹೊತ್ತಾಯಿತು."

ಊರಿನ ಓದುಗರಿಗಾಗಿ ಹೇಳುತ್ತೇನೆ. ಖಾವಾ ಅಂದರೆ ಅರಬರ ಕಾಫಿ; ಇಲ್ಲಿ ಖಾಲಿ ಕಪ್ಪನ್ನು ಸುಮ್ಮನೆ ಚಾಚಿದರೆ ಅದನ್ನು ಸುರಿಯುತ್ತಲೇ ಇರುತ್ತಾರೆ. ಸಾಕು ಅನ್ನಲು ಕಪ್ಪನ್ನು ಮೆಲ್ಲಗೆ ಅಲ್ಲಾಡಿಸಬೇಕು. ನಾನು ಮಸ್ಕತ್ತಿಗೆ ಬಂದ ಹೊಸದರಲ್ಲಿ ಇದನ್ನು ನನಗೆ ಕಲಿಸಿದವರು ಇವರೇ.

ನಾನು ತಟ್ಟೆ ಇಟ್ಟೆ. ಅನ್ನ ಬಡಿಸಿದೆ. ಆ ಮಧ್ಯಾಹ್ನದಿಂದ ಮನೆಯಲ್ಲಿ ಟ್ರಾಕ್ಟರ್ ಸುದ್ದಿಯೂ ಇಲ್ಲ, ಕಾರಿನ ಸುದ್ದಿಯೂ ಇಲ್ಲ.

ಕೆಲಸ ಉಳಿಯಿತು. ಮಗಳ ಶಾಲೆ ಉಳಿಯಿತು. ನಾನು ದೇವರಲ್ಲಿ ಬೇಡಿಕೊಂಡದ್ದೂ ಇಷ್ಟೇ. ಹಾಗಿದ್ದರೂ ಇವರು ತಲೆ ತಗ್ಗಿಸಿ ಉಣ್ಣುವುದನ್ನು ನೋಡಲು ನನಗೇಕೆ ಆಗುತ್ತಿಲ್ಲ?