ಚನ್ನವ್ವನ ಮನೆಯ ನೊರಜು

ತೆಲಸಂಗದ ಚನ್ನವ್ವನ ಮೂಗು ಬಲು ಚುರುಕು. ಆ ಚುರುಕು ತವರಿನಿಂದ ಬಂದದ್ದು. ರಾಯಬಾಗದ ಕಡೆಯ ಅವಳ ಅಪ್ಪ ದಿನಾ ಕುಡಿಯುತ್ತಿದ್ದ. ಅವನು ಹೊಸ್ತಿಲು ತುಳಿಯುವ ಮೊದಲೇ ಗಾಳಿಯಲ್ಲಿ ಬಂದ ವಾಸನೆ ಹಿಡಿದು, ಇವತ್ತು ಅವ್ವನಿಗೆ ಏಟು ಬೀಳುತ್ತದೋ ಇಲ್ಲವೋ ಎಂದು ಹುಡುಗಿಯಾಗಿದ್ದಾಗಲೇ ಅವಳು ಹೇಳಬಲ್ಲವಳಾಗಿದ್ದಳು. ಮದುವೆಯ ಮಾತು ಬಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಹುಡುಗ ಕುಡಿತಾನೇನು?”

ಮುರಗೆಪ್ಪ ಕುಡಿಯುತ್ತಿರಲಿಲ್ಲ. ಚಿಂಚಲಿಯ ಮಾಯಕ್ಕ ದೇವಿಯ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ ಮನೆತನ ಅದು. ಮದುವೆಯಾಗಿ ಹದಿನೈದು ವರ್ಷ ದಾಟಿದರೂ ಅವನ ಬಾಯಿಂದ ಎಲೆ ಅಡಿಕೆಯದಲ್ಲದೆ ಬೇರೆ ವಾಸನೆ ಬಂದಿರಲಿಲ್ಲ. ಆದರೂ ಚನ್ನವ್ವನಿಗೆ ರೂಢಿ ಬಿಟ್ಟಿರಲಿಲ್ಲ. ಗಂಡ ತೋಟದಿಂದ ಬಂದಾಗ ಚರಿಗೆ ನೀರು ಕೊಡುವ ನೆಪದಲ್ಲಿ ಹತ್ತಿರ ನಿಂತು ಒಂದು ಉಸಿರು ಎಳೆದುಕೊಳ್ಳುತ್ತಿದ್ದಳು. ಅವನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ನಗುತ್ತಿದ್ದ.

ತೊಂಬತ್ತೊಂದರ ಬೇಸಿಗೆಯಲ್ಲಿ ಅವರು ಮೊದಲ ಸಲ ದ್ರಾಕ್ಷಿಯನ್ನು ಪೇಟೆಗೆ ಕಳಿಸುವ ಬದಲು ಒಣಗಿಸಿ ಮಣೂಕ ಮಾಡಲು ನಿಂತರು. ತೋಟದಲ್ಲಿ ಶೆಡ್ ಎದ್ದಿತು. ಉದುರಿದ ಹಣ್ಣಿನ ಬುಟ್ಟಿಗಳು ಮನೆಯ ಪಡಸಾಲೆಗೆ ಬಂದವು. ಅವುಗಳ ಹಿಂದೆಯೇ ನೊರಜು ಬಂದವು. ಸಾಸಿವೆ ಕಾಳಿಗಿಂತ ಸಣ್ಣ, ಕೆಂಪು ಕಣ್ಣಿನ ನೊಣಗಳು. ಹಣ್ಣಿನ ಮೇಲೆ, ಬೆಲ್ಲದ ಡಬ್ಬಿಯ ಮೇಲೆ, ಕುಡಿದಿಟ್ಟ ಚಹಾದ ಬಸಿಯ ಮೇಲೆ ಎಲ್ಲೆಂದರಲ್ಲಿ ಮುತ್ತಿದವು. ಅನ್ನದ ತುತ್ತು ಎತ್ತಿದರೆ ಕೈಯ ಜೊತೆಗೇ ಏಳುತ್ತಿದ್ದವು.

“ಹಣ್ಣಿನ ಮನಿ ಅಂದಮ್ಯಾಗ ಚಿಲ್ಟ ಬರಾವ ಬೇ,” ಎಂದಳು ಅತ್ತೆ ಅಕ್ಕವ್ವ. “ಹಣ್ಣ ಹೋದ್ರ ಅವೂ ಹೋಗ್ತಾವ.”

ಚನ್ನವ್ವ ಕಾಯುವವಳಲ್ಲ. ಬುಟ್ಟಿಗಳನ್ನು ದನದ ಕೊಟ್ಟಿಗೆಯ ಆಚೆಗೆ ಸಾಗಿಸಿದಳು. ಬೆಲ್ಲದ ಡಬ್ಬಿಯ ಬಾಯಿಗೆ ಒದ್ದೆ ಅರಿವೆ ಬಿಗಿದಳು. ಪಡಸಾಲೆಯನ್ನು ಸೆಗಣಿಯಿಂದ ಸಾರಿಸಿ, ಬೇವಿನ ಸೊಪ್ಪಿನ ಹೊಗೆ ಹಾಕಿದಳು. ಗಿಂಡಿಗಳಲ್ಲಿ ಹುಳಿತ ದ್ರಾಕ್ಷಿ ರಸ ಹಾಕಿ, ಬಾಯಿಗೆ ಹಳೆಯ ಪೇಪರಿನ ಸುರುಳಿಯನ್ನು ಚೂಪು ತುದಿ ಕೆಳಗಾಗಿ ಸಿಗಿಸಿ, ಮೂಲೆಮೂಲೆಗೆ ಇಟ್ಟಳು. ಒಳಗೆ ಇಳಿದ ನೊರಜಿಗೆ ಹೊರಗೆ ಬರುವ ದಾರಿ ತಿಳಿಯುತ್ತಿರಲಿಲ್ಲ. ಬೆಳಗಾದರೆ ರಸದ ಮೇಲೆ ಕಪ್ಪು ಕೆನೆ ಕಟ್ಟಿದ ಹಾಗೆ ತೇಲುತ್ತಿದ್ದವು. ಪಡಸಾಲೆ ಸ್ವಚ್ಛವಾಯಿತು, ಅಡುಗೆಮನೆಯೂ ಸ್ವಚ್ಛವಾಯಿತು.

ಆದರೆ ಎರಡು ಕಡೆ ಮಾತ್ರ ಅವು ಜಾಗ ಬಿಡಲಿಲ್ಲ. ಒಂದು ಬಚ್ಚಲು. ಇನ್ನೊಂದು, ಗೂಟಕ್ಕೆ ತೂಗುಹಾಕಿದ ಮುರಗೆಪ್ಪನ ಧೋತರ.

ಧೋತರದ ಮೇಲೆ ನೊರಜು ಕೂತದ್ದು ಕಂಡ ದಿನ ಚನ್ನವ್ವ ಗೂಟದ ಮುಂದೆಯೇ ನಿಂತುಬಿಟ್ಟಳು. ಹುಳಿತ ಹಣ್ಣಿಗೆ ಬರುವ ಹುಳ ಅರಿವೆಗೆ ಯಾಕೆ ಬರಬೇಕು? ಏನೋ ಚೆಲ್ಲಿರಬೇಕು. ಅಂದು ಸಂಜೆ ಚರಿಗೆ ಕೊಡುವಾಗ ಅವಳು ಎಂದಿಗಿಂತ ಹತ್ತಿರ ನಿಂತಳು. ಮುರಗೆಪ್ಪನ ಉಸಿರಿನಲ್ಲಿ ವಾಸನೆಯಿತ್ತು. ಅಪ್ಪನ ಸಾರಾಯಿಯಂಥ ಘಾಟಲ್ಲ, ಸಿಹಿಯಾದದ್ದು, ಹಣ್ಣು ಕೊಳೆತು ಹುಳಿ ಬರುವಾಗಿನ ವಾಸನೆ.

ಆಮೇಲೆ ನೋಡಿದ್ದೆಲ್ಲ ಆ ಒಂದಕ್ಕೇ ತಾಳೆಯಾಗತೊಡಗಿತು. ಗಂಡ ಬಡಕಲಾಗಿದ್ದ. ಉಂಡು ಕೂತಲ್ಲೇ ತೂಕಡಿಸುತ್ತಿದ್ದ. ಸಣ್ಣ ಮಾತಿಗೂ ಸಿಡುಕುತ್ತಿದ್ದ. ನಡೆಯುವಾಗ ಕಾಲು ಎಳೆಯುತ್ತಿದ್ದ. ಶೆಡ್ಡಿನ ಕೆಲಸ ಎಂದು ಊಟಕ್ಕೂ ಮನೆಗೆ ಬರದೆ ತೋಟದಲ್ಲೇ ಉಳಿಯುತ್ತಿದ್ದ. ಅಲ್ಲಿ ಅವನ ಜೊತೆಗಿದ್ದವನು ಮಲಕಾರಿ ಒಬ್ಬನೇ. ತೋಟದ ಮಗ್ಗುಲಿಗೆ ಕುರಿ ಹಟ್ಟಿ ಹಾಕಿಕೊಂಡು, ಶೆಡ್ಡಿನ ಕೆಲಸಕ್ಕೂ ಬರುತ್ತಿದ್ದ.

ನೆರೆಮನೆಯ ಕಮಲಾಬಾಯಿ ಮೀರಜ ಕಡೆಯಿಂದ ಬಂದ ಸೊಸೆ. ಬಾವಿಕಟ್ಟೆಯಲ್ಲಿ ಚನ್ನವ್ವನ ಮಾತು ಕೇಳಿ ಅವಳು ಕೊಡ ಕೆಳಗಿಟ್ಟಳು.

“ಅಗಬಾಯಿ! ದ್ರಾಕ್ಷಿ ಒಣಗ್ಸಾಕ ಇಟ್ಟಾರೋ, ಹುಳಿ ಬರ್ಸಾಕ ಇಟ್ಟಾರೋ, ಯಾರು ನೋಡ್ಯಾರವಾ? ಒಂದ ಮಡಕಿ ಇದ್ರ ಸಾಕು, ಮನಿ ಮುಣಗಿಸ್ತೈತಿ. ನೀ ಒಮ್ಮೆ ಹೋಗಿ ಕಣ್ಣಾರೆ ನೋಡ.”

ಮರುದಿನ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು, ಹೇಳದೆ ಕೇಳದೆ ಚನ್ನವ್ವ ತೋಟಕ್ಕೆ ನಡೆದಳು. ಮುರಗೆಪ್ಪ ಶೆಡ್ಡಿನ ನೆರಳಲ್ಲಿ ಮಲಗಿದ್ದ, ಬಾಯಿ ತೆರೆದಿತ್ತು. ಅವನ ತಲೆಯ ಕಡೆ, ಗೋಣಿತಾಟಿನ ಮರೆಯಲ್ಲಿ, ಮುಚ್ಚಿಟ್ಟ ಒಂದು ದೊಡ್ಡ ಮಡಕೆ. ಮುಚ್ಚಳ ತೆಗೆದು ಬಗ್ಗಿ ಮೂಸಿದಳು. ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು.

ನೀರು. ಬರಿ ನೀರು.

ಹಿಂದೆ ನಿಂತಿದ್ದ ಮಲಕಾರಿ ಹೇಳಿದ: “ಅದು ಮುಂಜಾನಿಂದ ಎರಡನೇ ಮಡಕಿ ಐತ್ರಿ ವೈನಿ. ಧಣ್ಯಾರಿಗೆ ಎಷ್ಟ ಕುಡದ್ರೂ ದಾಹ ಹೋಗವಲ್ದರಿ.”

ಚನ್ನವ್ವ ಅವನನ್ನೇ ದಿಟ್ಟಿಸಿದಳು. ಇವನು ಸಾಕ್ಷಿಯೋ, ಜೊತೆಗಾರನೋ? ಅವಳ ಅಪ್ಪನೂ ಕುಡಿದ ಮರುದಿನ ಹೀಗೆಯೇ ಕೊಡಗಟ್ಟಲೆ ನೀರು ಕುಡಿಯುತ್ತಿದ್ದ. ಮಲಕಾರಿಯ ಹಟ್ಟಿಯನ್ನೂ ಒಂದು ಸುತ್ತು ಹಾಕಿ ಬಂದಳು. ಏನೂ ಸಿಗಲಿಲ್ಲ. ಸಿಗಲಿಲ್ಲವೆಂದರೆ ಇಲ್ಲ ಎಂದು ಅವಳ ಮನಸ್ಸು ಒಪ್ಪಲಿಲ್ಲ. ಬಚ್ಚಿಡುವುದರಲ್ಲಿ ಜಾಣರು ಎಂದುಕೊಂಡಿತು.

ಮಂಗಳವಾರ ಮುಂಜಾನೆ ದೇವರ ಜಗಲಿಯ ಮುಂದೆ ದೀಪ ಹಚ್ಚಿ, ಭಂಡಾರದ ಬಟ್ಟಲು ಹಿಡಿದು ನಿಂತಳು.

“ಏನ್ರಿ, ಇದನ್ನ ಮುಟ್ಟಿ ಹೇಳ್ರಿ. ಕುಡ್ಯಾಕ ಹತ್ತೀರೋ ಇಲ್ಲೋ?”

ಪಡಸಾಲೆಯಲ್ಲಿ ಕೂತಿದ್ದ ಅಕ್ಕವ್ವ ಎದ್ದು ಬಂದಳು. “ಏನ ಮಾತಾಡ್ತಿ ಬೇ? ನನ್ನ ಮಗಾ ಕುಡುಕ ಆದ್ನೇನ ನಿನಗ?”

ಮುರಗೆಪ್ಪ ಅವ್ವನಿಗೆ ಸುಮ್ಮನಿರೆಂದು ಕೈ ಮಾಡಿದ. ಭಂಡಾರ ಮುಟ್ಟಿ ಹಣೆಗೆ ಹಚ್ಚಿಕೊಂಡ. “ಮಾಯಕ್ಕನ ಆಣಿ. ತುಟಿಗೂ ಮುಟ್ಟಿಸಿಲ್ಲ.” ಅಷ್ಟು ಹೇಳುವಷ್ಟರಲ್ಲಿ ಅವನಿಗೆ ದಣಿವಾಗಿತ್ತು. ಗೋಡೆ ಹಿಡಿದು ಹೊರಗೆ ಹೋದ. ಆ ದಿನ ಅವನು ನಗಲಿಲ್ಲ.

ಚನ್ನವ್ವನ ಅಪ್ಪನೂ ಆಣೆ ಮಾಡುತ್ತಿದ್ದ. ಅವ್ವನ ತಲೆ ಮುಟ್ಟಿ ಮಾಡುತ್ತಿದ್ದ. ಚನ್ನವ್ವ ಬಟ್ಟಲನ್ನು ಜಗಲಿಯ ಮೇಲಿಟ್ಟಳು, ಆದರೆ ಶಂಕೆಯನ್ನು ಅಲ್ಲಿ ಇಳಿಸಲಾಗಲಿಲ್ಲ.

ಸಿಟ್ಟೆಲ್ಲ ಬಚ್ಚಲಿನ ಮೇಲೆ ತಿರುಗಿತು. ಹಂಡೆಯ ಕುದಿಯುವ ನೀರನ್ನು ಮೋರಿಗೆ ಸುರಿದಳು. ಪೊರಕೆಯಿಂದ ಕಲ್ಲಿನ ಸಂದುಗಳನ್ನು ಉಜ್ಜಿ ಸುಣ್ಣ ಚೆಲ್ಲಿದಳು. ನೊರಜು ಒಂದೂ ಇಲ್ಲದಾಯಿತು. ಆದರೆ ಎರಡು ದಿನ ಕಳೆಯುವುದರೊಳಗೆ ಮತ್ತೆ ಬಂದವು, ಬಚ್ಚಲ ತುಂಬ ಅಲ್ಲ, ಒಂದೇ ಮೂಲೆಗೆ. ಈ ಸಲ ಅವುಗಳ ಜೊತೆ ಕೆಂಪಿರುವೆಗಳ ಸಾಲೂ ಗೋಡೆಯಿಂದ ಇಳಿದು ಬಂದಿತ್ತು.

ಚನ್ನವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಬಚ್ಚಲ ಬಾಗಿಲ ಮೇಲೆ ಕಣ್ಣಿಟ್ಟಳು. ಯಾರು ಹೋಗುತ್ತಾರೆ, ಏನು ಒಯ್ಯುತ್ತಾರೆ ನೋಡಬೇಕು. ಅತ್ತೆ ಕೈಕಾಲು ತೊಳೆದು ಬಂದಳು. ಮುರಗೆಪ್ಪ ಹೋದ, ಬಂದ. ಹಿಟ್ಟು ನಾದಿ ಮುಗಿಯುವುದರೊಳಗೆ ಮತ್ತೆ ಹೋದ, ಬಂದ. ಕೈಯಲ್ಲಿ ಸೀಸೆಯಿಲ್ಲ, ಗಿಂಡಿಯಿಲ್ಲ. ಅವನು ಹೊರಬಿದ್ದ ಕೂಡಲೆ ಅವಳು ಒಳಹೊಕ್ಕಳು. ಅವನು ಉಚ್ಚೆ ಹೊಯ್ದ ಆ ಮೂಲೆಯಲ್ಲೇ ನೊರಜು ಏಳುತ್ತ ಕೂರುತ್ತ ಇದ್ದವು. ಇರುವೆಗಳು ಅಲ್ಲಿಗೇ ಮುತ್ತಿದ್ದವು. ಒಣಗಿದ ಕಡೆ ಕಲ್ಲಿನ ಮೇಲೆ ಬಿಳಿ ಕಲೆ. ಬರಿಗಾಲಿಗೆ ಅದು ಪಾಕ ಚೆಲ್ಲಿದ ಹಾಗೆ ಅಂಟಂಟಾಯಿತು.

ಅವಳು ಅಲ್ಲಿಯೇ ಗೋಡೆಗೆ ಒರಗಿ ನಿಂತಳು. ಇಷ್ಟು ದಿನ ಅವನ ಬಾಯಿಗೆ ಏನು ಹೋಗುತ್ತಿದೆ ಎಂದು ಕಾದಿದ್ದಳು. ಅವನ ಮೈಯಿಂದ ಏನು ಹೋಗುತ್ತಿದೆ ಎಂದು ನೋಡಿರಲಿಲ್ಲ. ಒಲೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಅವಳು ಅಲುಗಲಿಲ್ಲ.

ಹಾರೂಗೇರಿಯಲ್ಲಿದ್ದ ತನ್ನ ತಮ್ಮ ಅಣ್ಣಾಸಾಬನಿಗೆ ಹೇಳಿಕಳಿಸಿದಳು. ಅವನು ಗಾಡಿ ಮಾಡಿಕೊಂಡು ಬರುವ ಹೊತ್ತಿಗೆ ಮುರಗೆಪ್ಪ ವಾಂತಿ ಮಾಡಿಕೊಂಡು ಹಾಸಿಗೆ ಹಿಡಿದಿದ್ದ. ಮಾತು ತೊದಲುತ್ತಿತ್ತು. ಓಣಿಯವರು ನೋಡಿ ಮುಖ ಮುಖ ನೋಡಿಕೊಂಡರು. ಚನ್ನವ್ವನೇ ಬಾವಿಕಟ್ಟೆಯಲ್ಲಿ ಬಿತ್ತಿದ್ದ ಮಾತು ಈಗ ಅವರ ಕಣ್ಣಲ್ಲಿ ಮೊಳೆತಿತ್ತು. “ಕುಡದದ್ದ ಇಳೀಲಿ, ಹಗರ ಆಕ್ಕಾನ,” ಎಂದು ಯಾರೋ ಅಂದರು.

“ಕುಡದಿಲ್ಲ!” ಎಂದು ಚನ್ನವ್ವ ಚೀರಿದಳು. “ಜಡ್ಡ ಐತಿ. ಹಿಡೀರಿ, ಗಾಡ್ಯಾಗ ಹಾಕ್ರಿ.”

ಅಥಣಿಯ ಡಾಕ್ಟರು ಬಾಯಿಯ ಹತ್ತಿರ ಬಗ್ಗಿದವರೇ ಚಟ್ಟನೆ ತಲೆಯೆತ್ತಿದರು. ಉಚ್ಚೆಯನ್ನು ಗಾಜಿನ ನಳಿಕೆಯಲ್ಲಿ ನೀಲಿ ಔಷಧಕ್ಕೆ ಬೆರೆಸಿ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತಲೇ ಸುಟ್ಟ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು.

“ಸಕ್ಕರಿ ಕಾಯಿಲೆ, ತಂಗಿ. ರಕ್ತಕ್ಕ ಏರಿ ಹುಳಿ ಆಗೈತಿ, ಅದಕ್ಕ ಬಾಯಿ ಹಂಗ ನಾರತೈತಿ. ಈಗಿಂದೀಗ ಮೀರಜಕ್ಕ ಒಯ್ರಿ. ತಡಾ ಮಾಡಿದ್ರ ಉಳ್ಯೂದಿಲ್ಲ.”

ಮೀರಜದ ದವಾಖಾನೆಯಲ್ಲಿ ಅವನು ಕಣ್ಣು ಬಿಡಲು ಮರುದಿನ ಸಂಜೆಯಾಯಿತು. ಚನ್ನವ್ವ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಅವನು ಅವಳ ಕಡೆ ತಿರುಗಿದ.

“ದೇವರ ಮುಂದ ಹೇಳಿದ್ರೂ ನಂಬಲಿಲ್ಲ ನೀ.”

“ಹೂಂನ್ರಿ,” ಎಂದಳು ಅವಳು. “ನಂಬಲಿಲ್ಲ.”

ನಂಬಿದ್ದರೆ ಬಚ್ಚಲನ್ನು ಕಾಯುತ್ತಿರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಅವನು ಗೋಡೆಯ ಕಡೆ ಹೊರಳಿದ.

ಊರಿಗೆ ಬಂದ ಮೇಲೆ ಬಚ್ಚಲಿನ ನೊರಜು ತಾವಾಗಿಯೇ ಹೋದವು. ಆದರೆ ಮುರಗೆಪ್ಪ ಅವಳ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದ. ಸೂಜಿ ಹಾಕಿಸಿಕೊಳ್ಳಲು ದಿನಾ ಬಿಸಿಲಲ್ಲಿ ಊರ ಕಂಪೌಂಡರನ ಬಳಿಗೆ ಹೋಗುತ್ತಿದ್ದ. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಔಷಧದ ಸೀಸೆಯನ್ನು ಚನ್ನವ್ವ ಒದ್ದೆ ಉಸುಕು ತುಂಬಿದ ಕುಡಿಕೆಯಲ್ಲಿ ತಂಪಾಗಿಟ್ಟು ಕಾಪಾಡುತ್ತಿದ್ದಳು. ಸೂಜಿ ಹಾಕಲು ತಾನೇ ಕಲಿಯುತ್ತೇನೆ ಎಂದಾಗ ಅವನು ಮುಖ ಗಂಟಿಕ್ಕಿದ.

“ಬ್ಯಾಡ. ಎಷ್ಟ ಹಾಕ್ತಿಯೋ, ಏನ ಹಾಕ್ತಿಯೋ. ನನಗ ನಂಬಿಕಿ ಇಲ್ಲ.”

ಆ ಮಾತು ಅವಳಿಗೆ ನಾಟಿತು. ಕಂಪೌಂಡರನ ಹೆಂಡತಿಯ ಪಕ್ಕ ಕೂತು, ಕುದಿಸಿದ ಸೂಜಿಯಿಂದ ಬದನೆಕಾಯಿಗೆ ನೀರು ಚುಚ್ಚಿ ಚುಚ್ಚಿ ಕೈ ಪಳಗಿಸಿಕೊಂಡಳು. ಆ ವಾರ ಮನೆಯಲ್ಲಿ ದಿನಾ ಬದನೆಕಾಯಿ ಪಲ್ಯ. ಅಕ್ಕವ್ವ ಬೇಸತ್ತು ಒಂದು ದಿನ ಗಂಗಾಳ ಸರಿಸಿ ಕೇಳಿದಳು: “ಊರಾಗ ಬ್ಯಾರೆ ಕಾಯಿಪಲ್ಲೆ ಸತ್ತಾವೇನ?”

ಮುರಗೆಪ್ಪ ಪಲ್ಯದ ಹೋಳನ್ನು ಎತ್ತಿ ತಿರುಗಿಸಿ ನೋಡಿದ. ಸಿಪ್ಪೆಯ ಮೇಲೆ ಸಣ್ಣ ತೂತುಗಳ ಸಾಲಿತ್ತು. ಹೆಂಡತಿಯ ಮುಖ ನೋಡಿದ. ಅವಳು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು.

ಮರುದಿನ ಮುಂಜಾನೆ ಅವನು ಕಂಪೌಂಡರನ ಮನೆಗೆ ಹೊರಡಲಿಲ್ಲ. ಅಂಗಿಯ ತೋಳು ಮಡಚಿ ಪಡಸಾಲೆಯಲ್ಲಿ ಕೂತ. ಅವಳು ಔಷಧ ಎಳೆದುಕೊಳ್ಳುವುದನ್ನು ಸೂಜಿಯ ತುದಿಯಿಂದ ಕಣ್ಣು ಕೀಳದೆ ದಿಟ್ಟಿಸಿದ. ಗಾಳಿಗುಳ್ಳೆಯಿದೆಯೇ ನೋಡು ಎಂದು ಒಮ್ಮೆ ತಡೆದ. ಅವಳು ಬೆಳಕಿಗೆ ಹಿಡಿದು ತೋರಿಸಿದಳು. ಆಮೇಲೆ ತೋಳು ಮುಂದೆ ಚಾಚಿ, ಮುಖ ಹೊರಳಿಸದೆ, “ಹೂಂ, ಹಾಕ,” ಎಂದ.